ಹಪ್ಪಳದ ಅಂಗಳದಲ್ಲಿ ಕಾಲು ಗಂಟೆ

ಪಂಕಜಾಕ್ಷಿ ಬಿಸಿಲು ಕಾಯಲು ಅಂಗಳಕ್ಕಿಳಿದದ್ದು ಕೊಡೆ ಬಿಡಿಸಿಕೊಂಡು. ಕೊಡೆಯ ಅಡಿಯಲ್ಲಿ ಗಂಡನ ತುಂಬುತೋಳಿನ ಅಂಗಿ, ಅಂಗಿಯ ಅಡಿಯಲ್ಲಿ ಸೀರೆ, ಕಾಲಿಗೆ ಮಗಳ ಸಾಕ್ಸು, ತಲೆಗೂ ಮುಖಕ್ಕೂ ಸೇರಿಸಿ ಸುತ್ತಿದ ಬೈರಾಸು. ಹೊರಗೆ ಕಾಣುತ್ತಿದ್ದದ್ದು ಎರಡು ಕಣ್ಣು ಮಾತ್ರ. ಚಾಪೆಯ ಮೇಲೆ ಹಲಸಿನ ಹಪ್ಪಳ ಹರಡುತ್ತಿದ್ದ ಕಿನ್ನಿ ತಲೆಯೆತ್ತಿ ನೋಡಿದಳು. ಗುರುತು ಸಿಗದೆ, ಯಾರು ಬೇಕಿತ್ತು ಎಂದು ವಿಚಾರಿಸಿದಳು.

ಬಿಸಿಲಿಗೂ ಪಂಕಜಾಕ್ಷಿಗೂ ಮೊದಲಿನಿಂದಲೇ ಆಗಿಬರುವುದಿಲ್ಲ. ಬೋವಿಕಾನ ಪೇಟೆಯಿಂದ ಸ್ವಲ್ಪ ಒಳಗೆ ಕುಟುಂಬಶ್ರೀ ಸ್ವಸಹಾಯ ಸಂಘದ ಹೆಂಗಸರು ಸೇರಿ ನಡೆಸುವ ಈ ಹಪ್ಪಳದ ಘಟಕದಲ್ಲಿ ಅವಳ ಜಾಗ ಒಳಗೆ, ಫ್ಯಾನಿನ ಕೆಳಗೆ, ಹಪ್ಪಳ ಒತ್ತುವ ಮಣೆಯ ಮುಂದೆ. ವಯಸ್ಸು ನಲವತ್ತೆಂಟಾದರೂ ಬಣ್ಣ ಮಾತ್ರ ಹಾಲಿನ ಕೆನೆ. ಊರಿನವರ ಬಾಯಲ್ಲಿ ಅವಳು ಬೆಳ್ಳಕ್ಕ. ಅಪ್ಪ ಅಮ್ಮ ಇಟ್ಟ ಹೆಸರಿಗಿಂತ ಈ ಹೆಸರನ್ನೇ ಅವಳು ಹೆಚ್ಚು ಜೋಪಾನ ಮಾಡಿಕೊಂಡು ಬಂದಿದ್ದಳು. ಘಟಕದ ಹೊಸ ಪೊಟ್ಟಣದ ಮೇಲೆ ಯಾರ ಫೋಟೋ ಹಾಕುವುದು ಎಂಬ ಮಾತು ಬಂದಾಗ ಮೀಟಿಂಗು ಎರಡು ನಿಮಿಷದಲ್ಲಿ ಮುಗಿದದ್ದು ಆ ಬಣ್ಣದಿಂದಲೇ. ಫೋಟೋದವನು ಶನಿವಾರ ಬರುವವನಿದ್ದ.

ಅಷ್ಟರಲ್ಲಿ ಕೈ ಕೈಕೊಟ್ಟಿತು. ಮಣೆ ಒತ್ತಿದರೆ ಮಣಿಕಟ್ಟಿನಿಂದ ಭುಜದವರೆಗೆ ನೋವು, ಕೂತು ಏಳುವಾಗ ಸೊಂಟ ಹಿಡಿದುಕೊಳ್ಳುತ್ತಿತ್ತು. ಬುಧವಾರ ಡಾಕ್ಟರ್ ಸುಪ್ರೀತಾ ರಕ್ತಪರೀಕ್ಷೆಯ ಚೀಟಿ ನೋಡಿ, ಇಷ್ಟು ಬಿಸಿಲು ಬೀಳುವ ಊರಿನಲ್ಲಿ ಬಿಸಿಲಿನಿಂದ ಸಿಗುವ ವಿಟಮಿನ್ನೇ ನಿಮಗಿಲ್ಲವಲ್ಲ ಎಂದು ನಕ್ಕರು. ಗುಳಿಗೆ ಬರೆದುಕೊಟ್ಟು, ದಿನಾ ಕಾಲು ಗಂಟೆ ಕೈಕಾಲಿಗೆ ಬಿಸಿಲು ಬೀಳಲಿ ಎಂದರು. ಬಿಳಿ ಚರ್ಮ ಬೇಗ ಸುಡುತ್ತದೆ, ಕೆಂಪಾಗುವ ಮೊದಲೇ ನೆರಳಿಗೆ ಹೋಗಬೇಕು. ಇದೂ ಆಗದಿದ್ದರೆ ಹಪ್ಪಳದ ಕೆಲಸ ಬಿಟ್ಟುಬಿಡಿ ಎಂದು ಕೊನೆಗೊಂದು ಮಾತು ಸೇರಿಸಿದರು. ಪಂಕಜಾಕ್ಷಿಗೆ ಆ ರಾತ್ರಿ ಅನ್ನ ಸೇರಲಿಲ್ಲ. ಹಪ್ಪಳ ಬಿಟ್ಟರೆ ಮನೆಯಲ್ಲಿ ಕೂತು ಗೋಡೆ ನೋಡಬೇಕು. ಶನಿವಾರದೊಳಗೆ ಕಪ್ಪಾದರೆ ಕನ್ನಡಿ ನೋಡುವ ಹಾಗಿಲ್ಲ.

ಕಿನ್ನಿ ಇಷ್ಟೂ ಕಥೆಯನ್ನು ಹಪ್ಪಳ ಹರಡುತ್ತಲೇ ಕೇಳಿಸಿಕೊಂಡಳು.

"ಕೊಡೆ ಹಿಡ್ಕೊಂಡು ನಿಂತ್ರೆ ಬಿಸಿಲು ಸಿಗೂದು ಕೊಡೆಗೆ ಅಕ್ಕ. ನಿಮ್ಗೆ ಎಂತ ಸಿಗ್ತದೆ?"

ಎದ್ದು ಬಂದು ಕೊಡೆ ಮಡಚಿದಳು, ಬೈರಾಸು ಬಿಚ್ಚಿದಳು, ಸಾಕ್ಸು ತೆಗೆಸಿದಳು. ತನ್ನ ತಲೆಯ ಮೇಲಿದ್ದ ಅಡಿಕೆ ಹಾಳೆಯ ಮುಟ್ಟಾಳೆಯನ್ನು ಪಂಕಜಾಕ್ಷಿಯ ತಲೆಗಿಟ್ಟು, ಬೆನ್ನಿಗೆ ಬಿಸಿಲು ಬೀಳುವಂತೆ ಕೂರಿಸಿ, ಅಂಗಿಯ ತೋಳು ಮಡಚಿದಳು. ಮುಖ ನೆರಳಿಗೆ, ಕೈಕಾಲು ಬಿಸಿಲಿಗೆ. ಒಂಬತ್ತು ಗಂಟೆಯ ಬಿಸಿಲಿಗೆ ಹಪ್ಪಳ ಹದವಾಗಿ ಒಣಗುತ್ತದಂತೆ, ಹನ್ನೊಂದರ ಮೇಲಿನದ್ದಕ್ಕೆ ಸೆಟೆದು ಬಿರುಕು ಬಿಡುತ್ತದಂತೆ, ಚರ್ಮದ್ದೂ ಅದೇ ಹಣೆಬರಹವಂತೆ. ಒಳಗೆ ಹೋದ ಮೇಲೆ ತಣ್ಣೀರಿನಲ್ಲಿ ತೊಳೆದು, ಲೋಳೆಸರದ ತಿರುಳು ಸವರಿ, ಅದು ಆರಿದ ಮೇಲೆ ನಾಲ್ಕು ಹನಿ ತೆಂಗಿನೆಣ್ಣೆ ತಿಕ್ಕಿಕೊಳ್ಳಬೇಕಂತೆ.

ಪಂಕಜಾಕ್ಷಿ ಕಾಲು ಗಂಟೆ ಆಯಿತೇ ಎಂದು ಕೇಳಿದಳು. ನಾಲ್ಕು ನಿಮಿಷ ಆಗಿತ್ತು.

ಕೂತಲ್ಲಿಂದ ಅವಳು ಕಿನ್ನಿಯನ್ನು ನೋಡಿದಳು. ಎಂಟು ವರ್ಷದಿಂದ ಒಂದೇ ಘಟಕದಲ್ಲಿದ್ದರೂ ಹೀಗೆ ಅಂಗಳದಲ್ಲಿ ಜೊತೆಗೆ ಕೂತದ್ದಿಲ್ಲ. ಗೇರು ತೋಟದಲ್ಲಿ ಬೀಜ ಹೆಕ್ಕುವುದನ್ನು ಬಿಟ್ಟು ಕಿನ್ನಿ ಇಲ್ಲಿಗೆ ಬಂದ ದಿನವೇ ಕೆಲಸ ಹಂಚಿಯಾಗಿತ್ತು. ಅವಳು ಹೇಗೂ ಕಪ್ಪು, ಹೊರಗಿನದ್ದು ಅವಳಿಗಿರಲಿ ಎಂದು ಹೇಳಿದವರು ಯಾರೆಂದು ಪಂಕಜಾಕ್ಷಿಗೆ ಈಗ ಸರಿಯಾಗಿ ನೆನಪಿಲ್ಲ. ತಾನೇ ಇರಬಹುದು. ಅದು ಸರಿಯಲ್ಲ ಎಂದವರಂತೂ ಯಾರೂ ಇರಲಿಲ್ಲ.

"ನಿಂಗೆ ಇಷ್ಟೆಲ್ಲ ಆರೈಕೆ ಎಂತಕ್ಕೆ ಮಾರಾಯ್ತಿ? ನಿನ್ನ ಬಣ್ಣಕ್ಕೆ ಬಿಸಿಲು ಎಂತ ಮಾಡ್ತದೆ?" ಎಂದು ತಮಾಷೆಗೆ ಕೇಳಿದಳು.

ಕಿನ್ನಿ ನಕ್ಕಳು. ಮರುಗಳಿಗೆ ಹಾರಿಬಿದ್ದು ತೋಳು ಕೊಡವತೊಡಗಿದಳು. ಅಂಗಳದಂಚಿನ ಹಲಸಿನ ಮರದಿಂದ ಕೆಂಪಿರುವೆಯೊಂದು ಅವಳ ತುಂಬುತೋಳಿನ ಅಂಗಿಯೊಳಗೆ ಹೊಕ್ಕಿತ್ತು. ಗುಂಡಿ ಬಿಚ್ಚಿ, ಅಂಗಿಯ ತೋಳನ್ನು ಭುಜದವರೆಗೆ ಸರ್ರನೆ ಎಳೆದು, ಇರುವೆಯನ್ನು ಹೆಕ್ಕಿ ಎಸೆದಳು. ಮಣಿಕಟ್ಟಿನವರೆಗೆ ಸುಟ್ಟ ಹೆಂಚಿನಂತಿದ್ದ ಕೈ, ಅಲ್ಲಿಂದ ಮೇಲಕ್ಕೆ ಬೆಳ್ಳಗೆ ಹೊಳೆಯುತ್ತಿತ್ತು. ಗೆರೆ ಎಳೆದಂತೆ ಬಣ್ಣ ಬೇರೆಯಾಗಿತ್ತು. ಪಂಕಜಾಕ್ಷಿ ತನ್ನ ತೋಳನ್ನು ಮೆಲ್ಲಗೆ ಅದರ ಪಕ್ಕಕ್ಕೆ ತಂದು ನೋಡಿದಳು. ಬೇಡವಾಗಿತ್ತು ಅನಿಸಿತು. ಕಿನ್ನಿಯದ್ದೇ ಒಂದು ಕೈ ಮೇಲು.

ಅವಳಿಗೆ ನಿಜಕ್ಕೂ ನಾಚಿಕೆಯಾಯಿತು. ನಾಚಿಕೆಗೆ ಸ್ವಲ್ಪ ಸಿಟ್ಟೂ ಸೇರಿಕೊಂಡಿತು.

"ಮತ್ತೆ ಇಷ್ಟು ವರ್ಷ ಬಾಯಿ ಬಿಡ್ಲಿಲ್ಲ ಯಾಕೆ ನೀನು? ಫೋಟೋದ ಮಾತು ಬಂದಾಗ ಆದ್ರೂ ಹೇಳ್ಬಹುದಿತ್ತಲ್ಲ?"

ಕಿನ್ನಿ ತೋಳು ಇಳಿಸಿ ಗುಂಡಿ ಹಾಕಿಕೊಂಡಳು. ಅಂಚು ಸೆಟೆಯಲು ಶುರುವಾದ ಒಂದು ಹಪ್ಪಳವನ್ನು ಮಗುಚಿ ಹಾಕಿದಳು.

"ನಾನೂ ಬಿಳಿ ಅಂತ ಹೇಳಿದ್ರೆ, ಇದನ್ನು ಒಣಗಿಸ್ಲಿಕ್ಕೆ ನಿಮ್ಮಲ್ಲಿ ಯಾರು ಬರ್ತಿದ್ರಿ ಅಕ್ಕ?"