ಆರು ಗಂಟೆಯ ಡೇಲಿಯಾ

"ಕ್ಯಾಮೆರಾ ಕೊಡಿ," ಎಂದ ಸೆಕ್ಯೂರಿಟಿ ಆಫೀಸರ್.

ಅವಳು ಕೊಟ್ಟಳು. ಅವನು ಹಿಂಬದಿಯ ಪುಟ್ಟ ಪರದೆಯಲ್ಲಿ ಒಂದೊಂದೇ ಚಿತ್ರ ಸರಿಸುತ್ತ ಹೋದ. ಡೇಲಿಯಾ. ಡೇಲಿಯಾ. ಗುಲಾಬಿ ಎಸಳಿನ ಅಂಚು. ಮತ್ತೆ ಡೇಲಿಯಾ. ಹಿಂದೆಲ್ಲ ಬರೀ ಮಸುಕು. ಗೋಡೆಯಿಲ್ಲ, ಚಿಮಣಿಯಿಲ್ಲ, ಒಂದು ನರಪಿಳ್ಳೆಯೂ ಇಲ್ಲ.

"ಮೂರು ದಿನದಿಂದ ಇದೇ ಹೂವು. ಬೇಜಾರಾಗಲ್ವಾ?"

"ನಿಮಗೆ ಹತ್ತು ವರ್ಷದಿಂದ ಇದೇ ಗೇಟು. ಬೇಜಾರಾಯ್ತಾ?"

ಅವನಿಗೆ ನಗು ತಡೆಯಲಾಗಲಿಲ್ಲ. ರಿಜಿಸ್ಟರಿನಲ್ಲಿ 'ಹೂವು ಮಾತ್ರ' ಎಂದು ಬರೆದು ಸಹಿ ಹಾಕಿ ಕ್ಯಾಮೆರಾ ಹಿಂತಿರುಗಿಸಿದ.

ಅವಳ ಮೇಲೆ ಅಷ್ಟು ನಿಗಾ ಇಡಲು ಕಾರಣವಿತ್ತು. ಅವಳದು ಪೇಟೆಬೀದಿಯಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುವ ಸ್ಟುಡಿಯೊ. ಹೋದ ವರ್ಷ ಈ ಬಣ್ಣದ ಕಾರ್ಖಾನೆಯ ಮೇಲೆ ದೂರು ಕೊಟ್ಟವಳು ಅವಳೇ. ಕಾರ್ಖಾನೆಯವರು ಕೊಳಕು ನೀರನ್ನು ಕದ್ದು ಕಾಲುವೆಗೆ ಬಿಡುತ್ತಾರೆ ಎಂದಿದ್ದಳು. ತನಿಖೆಯ ಅಧಿಕಾರಿ ಹನ್ನೊಂದು ಗಂಟೆಗೆ ಬಂದರು. ಕಾಲುವೆ ತಿಳಿಯಾಗಿ ಹರಿಯುತ್ತಿತ್ತು. ದೂರು ಆಧಾರರಹಿತ ಎಂದು ಬರೆದು ಹೋದರು. ಅಂದು ಮ್ಯಾನೇಜರ್ ಎಲ್ಲರೆದುರು ಅವಳನ್ನು ಕೇಳಿದ್ದ: "ಎಲ್ಲಿ ಬಿಡ್ತೀವಮ್ಮ? ತೋರಿಸಿ ನೋಡೋಣ." ತೋರಿಸಲು ಅವಳ ಬಳಿ ಏನೂ ಇರಲಿಲ್ಲ.

ಈಗ ಕಾರ್ಖಾನೆಗೆ ಇಪ್ಪತ್ತೈದು ತುಂಬಿತ್ತು. ಅದರ ತೋಟದ ಹೂಗಳ ಫೋಟೋ ಪ್ರದರ್ಶನ ಆಗಬೇಕು ಎಂದು ಮ್ಯಾನೇಜರ್ ತೀರ್ಮಾನಿಸಿದ. ಊರಿನಲ್ಲಿ ಫೋಟೋ ತೆಗೆಯುವವರು ಇನ್ನೂ ನಾಲ್ವರಿದ್ದರು. ಅವನು ನೇರವಾಗಿ ಅವಳ ಸ್ಟುಡಿಯೊ ಮೆಟ್ಟಿಲೇ ಹತ್ತಿದ. ಕೆಸರೆರಚಿದ ಕೈಯೇ ತನ್ನ ಹೂಗಳನ್ನು ಮೆರೆಸಬೇಕು ಎಂಬುದು ಅವನ ಆಸೆ. ಅವಳು ಎರಡು ದಿನ ಯೋಚಿಸಿ ಒಪ್ಪಿದಳು.

"ಬೆಳಿಗ್ಗೆ ಆರಕ್ಕೇ ಬರ್ತೀನಿ ಸಾರ್. ಬಿಸಿಲೇರಿದ್ರೆ ಹೂವು ಸೊರಗುತ್ತೆ."

"ಬನ್ನಿ. ಆದ್ರೆ ತೋಟ ಬಿಟ್ಟು ಆಚೆ ಕಾಲಿಡೋ ಹಾಗಿಲ್ಲ. ಹೂವು ಬಿಟ್ಟು ಬೇರೇನೂ ತೆಗೆಯೋ ಹಾಗಿಲ್ಲ."

ಅವಳು ಮ್ಯಾಕ್ರೋ ಲೆನ್ಸ್ ಹಾಕಿ, ಮೇಜಿನ ಮೇಲಿದ್ದ ಗುಂಡುಪಿನ್ನಿಗೆ ಗುರಿಯಿಟ್ಟು, ಕ್ಯಾಮೆರಾವನ್ನು ಅವನ ಕಣ್ಣಿಗೆ ಹಿಡಿದಳು. ಪಿನ್ನಿನ ತಲೆ ಕಿತ್ತಳೆಹಣ್ಣಿನಷ್ಟು ಕಂಡಿತು. ಅದರಾಚೆ ಮಂಜು.

"ಗೇಣಿನಾಚೆ ಏನೂ ಕಾಣಲ್ವಲ್ರೀ!"

"ಇಲ್ಲ ಸಾರ್. ಹತ್ತಿರದ್ದು ಮಾತ್ರ."

ಮ್ಯಾನೇಜರ್‌ಗೆ ಪರಮ ಸಂತೋಷವಾಯಿತು.

ಅಕ್ಕನಿಗೆ ಆಗಲಿಲ್ಲ. ಅಕ್ಕನ ಮನೆ ಕಾಲುವೆಯ ಕೆಳದಂಡೆಯಲ್ಲಿತ್ತು. ಸುದ್ದಿ ಕಿವಿಗೆ ಬಿದ್ದ ದಿನವೇ ಸ್ಟುಡಿಯೊಗೆ ಬಂದು, ಸಿಪ್ಪೆಯೆದ್ದ ಎರಡೂ ಅಂಗೈಗಳನ್ನು ತಂಗಿಯ ಮುಖದ ಮುಂದೆ ಹಿಡಿದಳು.

"ಇದರ ಫೋಟೋ ತೆಗಿ. ಇದೂ ಅವರ ತೋಟದ ಹೂವೇ."

"ಅಕ್ಕಾ, ಕೂತ್ಕೋ."

"ಕೂರಲ್ಲ. ಬೀದಿಯವರೆಲ್ಲ ಕೇಳ್ತಿದಾರೆ, ನಿನ್ನ ತಂಗಿಯನ್ನ ಎಷ್ಟಕ್ಕೆ ಕೊಂಡ್ಕೊಂಡ್ರು ಅಂತ. ನಾನು ಏನು ಹೇಳ್ಲಿ?"

"ಪ್ರದರ್ಶನಕ್ಕೆ ಬನ್ನಿ ಅಂತ ಹೇಳು. ನೀನೂ ಬಾ. ನೋಡು. ಆಮೇಲೆ ಬೈ."

"ನನ್ನ ಹೆಣ ಬರುತ್ತೆ," ಎಂದು ಅಕ್ಕ ಬಾಗಿಲು ದಢಾರನೆ ಹಾಕಿಕೊಂಡು ಹೋದಳು. ಗಾಜಿನ ಹಿಂದಿದ್ದ ಪಾಸ್‌ಪೋರ್ಟ್ ಫೋಟೋಗಳೆಲ್ಲ ಅದುರಿದವು. ಅವಳು ಒಂದೊಂದನ್ನೇ ನೆಟ್ಟಗೆ ಮಾಡಿದಳು.

ಐದನೆಯ ದಿನ ಸೆಕ್ಯೂರಿಟಿ ಆಫೀಸರ್ ತಾನೇ ಅವಳ ಜೊತೆ ತೋಟಕ್ಕೆ ಬಂದ. ಅವಳು ಕಾಲುವೆ ಕಡೆಯ ಬೇಲಿಗೆ ಅಂಟಿದ ಕೊನೆಯ ಸಾಲಿನಲ್ಲಿ, ಒದ್ದೆ ಮಣ್ಣಿನ ಮೇಲೆ ಬೋರಲು ಮಲಗಿದಳು. ಕಣ್ಣಿಗೆ ಔಷಧಿ ಬಿಡುವ ಬಾಟಲಿಯಿಂದ ಡೇಲಿಯಾದ ಎಸಳ ತುದಿಗೆ ಒಂದು ಹನಿ ನೀರು ಇಳಿಸಿದಳು. ಉಸಿರು ಹಿಡಿದಳು. ಗಾಳಿ ಬಂತು, ಹನಿ ಬಿತ್ತು. ಮತ್ತೊಂದು ಹನಿ. ಅದೂ ಬಿತ್ತು.

"ನೀರು ಯಾಕೆ?"

"ಸ್ಟುಡಿಯೊಗೆ ಬಂದೋರು ಮುಖ ತೊಳ್ಕೊಂಡೇ ಫೋಟೋಗೆ ಕೂರೋದು. ಇದೂ ತೊಳ್ಕೊಳ್ಳಲಿ."

"ಮುಂದಿನ ಸಾಲಲ್ಲಿ ಇದಕ್ಕಿಂತ ಚೆಂದದ ಹೂವಿದೆ."

"ಇರಲಿ. ನನಗೆ ಹಿಡಿಸಿದ್ದು ಇದು."

ಅವನು ಆಕಳಿಸಿದ. ಹದಿನೇಳನೆಯ ಹನಿ ನಿಂತಿತು. ಶಟರ್ ಕ್ಲಿಕ್ಕೆಂದಿತು.

ಮುಗಿಯುವ ಹೊತ್ತಿಗೆ ಏಳು ಬೆಳಗುಗಳ ಏಳು ಚಿತ್ರಗಳಾಗಿದ್ದವು. ಮ್ಯಾನೇಜರ್ ಅಂಗೈಯಗಲದ ಪ್ರತಿಗಳನ್ನು ನೋಡಿ ಮೆಚ್ಚಿದ. ಪ್ರತಿ ಚಿತ್ರದ ಅಡಿಯಲ್ಲೂ 'ನಮ್ಮ ಕಾರ್ಖಾನೆಯ ತೋಟದಲ್ಲಿ' ಎಂದು ತಾರೀಕು, ಗಂಟೆ ಸಮೇತ ಅಚ್ಚಾಗಲಿ ಎಂದ. ಅದರ ಕೆಳಗೆ ಅಚ್ಚಾಗಲೆಂದು ತನ್ನ ಸಹಿಯನ್ನೂ ಹಾಕಿಕೊಟ್ಟ. ಬಾಗಿಲಿನೆತ್ತರಕ್ಕೆ ದೊಡ್ಡದು ಮಾಡಿಸಿ ನೇತುಹಾಕುವ ಕೆಲಸ ಅವಳಿಗೇ ಬಿಟ್ಟ.

ಭಾನುವಾರ ಬೆಳಿಗ್ಗೆ ಸಭಾಂಗಣ ತುಂಬಿತ್ತು. ಕಾಲುವೆ ದಂಡೆಯವರೂ ಬಂದಿದ್ದರು, ಮುಖ ಗಂಟಿಕ್ಕಿಕೊಂಡು. ಬರುವುದಿಲ್ಲ ಎಂದಿದ್ದ ಅಕ್ಕ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಮ್ಯಾನೇಜರ್ ಆ ತನಿಖೆಯ ಅಧಿಕಾರಿಯ ಕೈಹಿಡಿದೇ ಒಳಗೆ ಕರೆತಂದ. ಪರದೆ ಎಳೆದ. ಅವನ ಮುಖ ಇಳಿಯಿತು.

"ಏನ್ರೀ ಇದು! ಏಳೂ ಹೂವು ತಲೆಕೆಳಗಾಗಿ ನೇತುಹಾಕಿದೀರಲ್ಲ!"

ಜನ ಗೊಳ್ಳೆಂದು ನಕ್ಕರು. ಅವಳು ನಗಲಿಲ್ಲ, ಕದಲಲೂ ಇಲ್ಲ.

"ಬೇಕಂತಲೇ ಹಾಕಿದ್ದು ಸಾರ್. ನೀರಿನ ಹನಿಯೂ ಒಂದು ಲೆನ್ಸೇ. ತನ್ನ ಹಿಂದೆ ಏನಿದ್ರೂ ತಲೆಕೆಳಗು ಮಾಡಿ ಒಳಗೆ ಹಿಡಿಯುತ್ತೆ." ಅವಳು ಅಧಿಕಾರಿಯ ಕಡೆ ತಿರುಗಿದಳು. "ಹೂವು ಬಿಡಿ. ಹನಿ ನೋಡಿ."

ಊಟದ ತಟ್ಟೆಯಷ್ಟು ದೊಡ್ಡದಾಗಿದ್ದ ಆ ಹನಿಯೊಳಗೆ, ಒಂದು ಗೆರೆಯೂ ಅಲುಗದೆ, ಬೇಲಿಯಾಚೆಯ ಕಾಲುವೆಗೆ ಬಾಯ್ತೆರೆದ ಕೊಳವೆಯಿತ್ತು, ಅದರಿಂದ ಕಡುಗೆಂಪು ನೀರು ಧುಮುಕುತ್ತಿತ್ತು. ಏಳು ಬೆಳಗು, ಏಳು ಹನಿ, ಪ್ರತಿಯೊಂದರ ಅಡಿಯಲ್ಲೂ ಮ್ಯಾನೇಜರ್‌ನ ಸಹಿ.