ಮೂರು ಸಾವಿರ ಸಹಿ

ಹೊಲಿಗೆ ಕಲಿಸುತ್ತಿದ್ದ ನೀಲವ್ವ ಟೀಚರ ಬೆರಳುಗಳನ್ನೆಲ್ಲ ಸಂಧಿವಾತ ತಿರುಚಿಹಾಕಿತ್ತು. ಜಿಲ್ಲಾ ಆಸ್ಪತ್ರೆಗೆ ಈ ಬೇನೆಯ ತಜ್ಞರೊಬ್ಬರು ಬೇಕೆಂದು ಅವರು ಕೇಳಲು ಹೋದಾಗ ಇಲಾಖೆಯ ಸಾಹೇಬರು ಬಹಳ ಪ್ರೀತಿಯಿಂದಲೇ ಹೇಳಿದರು:

"ಏಳು ಸಂಘದವರು ಏಳು ಅರ್ಜಿ ಕೊಟ್ರ ಸರ್ಕಾರ ಯಾರ ಮಾತು ಕೇಳಬೇಕ್ರಿ? ಎಲ್ಲಾರೂ ಕೂಡಿ ಒಂದ ಅರ್ಜಿ ತರ್ರಿ. ಹೆಬ್ಬೆಟ್ಟು ನಡಿಯೂದಿಲ್ಲ, ಸಹಿನ ಬೇಕು."

ಒಂದೊಂದು ಕೀಲಿಗೆ ಒಂದೊಂದರಂತೆ ಇದ್ದ ಸಂಧಿವಾತದವರ ಏಳು ಸಂಘಗಳನ್ನು ಕೂಡಿಸಲು ನೀಲವ್ವನವರಿಗೆ ಎರಡು ವರ್ಷ ಹಿಡಿಯಿತು. ಬೆರಳಿನವರು ಅಧ್ಯಕ್ಷರಾಗುವುದು ಮೊಣಕಾಲಿನವರಿಗೆ ಒಪ್ಪಿಗೆಯಿರಲಿಲ್ಲ. ಸೊಂಟದವರು ಎರಡು ಸಲ ಸಭಾತ್ಯಾಗ ಮಾಡಿದರು, ಅದೂ ಕುಂಟುತ್ತಲೇ. ಕಡೆಗೂ ಒಕ್ಕೂಟವಾಯಿತು; ಅಷ್ಟರಲ್ಲಿ ಬೇನೆ ಎಲ್ಲರ ಬೆರಳಿಗೂ ಇಳಿದಿತ್ತು. ಮೂರು ಸಾವಿರ ಜನ ಹಲ್ಲು ಕಚ್ಚಿ ಪೆನ್ನು ಹಿಡಿದು ಸಹಿ ಹಾಕಿದರು. ಕೆಲವರಿಗೆ ಒಂದು ಸಹಿಗೇ ಐದು ನಿಮಿಷ ಬೇಕಾಯಿತು.

ನೀಲವ್ವನವರು ಆ ಕಟ್ಟನ್ನು ಎದೆಗವಚಿಕೊಂಡು ಹೋಗಿ ಸಾಹೇಬರ ಮೇಜಿನ ಮೇಲಿಟ್ಟರು. ಸಾಹೇಬರು ಕನ್ನಡಕ ಏರಿಸಿ ಹಾಳೆಗಳನ್ನು ತಿರುವಿದರು. ಇನ್ನೊಮ್ಮೆ ತಿರುವಿದರು. ಆಮೇಲೆ ನೊಂದವರಂತೆ ತಲೆಯೆತ್ತಿದರು.

"ಎಲ್ಲಾ ಸಹಿನೂ ಒಂದ ನಮೂನಿ ಸೊಟ್ಟ ಅದಾವಲ್ಲರೀ ಟೀಚರ, ಮೂರು ಸಾವಿರನೂ ನೀವೊಬ್ಬರ ಕುಂತು ಗೀಚೀರೇನು?"