ಒಂದು ನಿಮಿಷದ ವೀಕ್ಷಕ ವಿವರಣೆ

ನಿವೃತ್ತರಾಗಿ ಹನ್ನೊಂದು ವರ್ಷವಾದ ಮೇಲೆ ಅವರಿಗೆ ರೇಡಿಯೋ ಕೇಂದ್ರದಿಂದ ಫೋನ್ ಬಂತು.

"ಸರ್, ನಿಮ್ಮ ಕ್ರಿಕೆಟ್ ಕಾಮೆಂಟರಿ ಬೇಕಾಗಿತ್ತು. ನಾಳೆ ಬರ್ತೀರಾ?"

ಬೆಳಿಗ್ಗೆ ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸಿ, ಹಳೆಯ ಕೋಟು ತೊಟ್ಟರು. "ಕರೆದೇ ಕರೀತಾರೆ ಅಂತ ಹೇಳಿರ್ಲಿಲ್ವೇನೇ?" ಎಂದು ಹೆಂಡತಿಗೆ ಹೇಳಿ ಹೊರಟರು.

ಸ್ಟುಡಿಯೋದಲ್ಲಿ ಎಳೆಯ ವಯಸ್ಸಿನ ಅಧಿಕಾರಿಯೊಬ್ಬಳು ಮೈಕು ಸರಿಮಾಡಿಕೊಟ್ಟಳು.

"ಯಾವ ಪಂದ್ಯಮ್ಮಾ?"

"ಯಾವುದಾದ್ರೂ ಸರಿ ಸರ್, ನಿಮ್ಮ ದನಿ ಇದ್ರೆ ಸಾಕು. ನಿಮ್ಮ ಹಳೇ ಟೇಪ್ ಒಂದೂ ಉಳಿದಿಲ್ಲ. ಎಲ್ಲದರ ಮೇಲೂ ಕೃಷಿ ಕಾರ್ಯಕ್ರಮ ರೆಕಾರ್ಡ್ ಮಾಡಿಬಿಟ್ಟಿದಾರೆ."

ಮೂವತ್ನಾಲ್ಕು ವರ್ಷ ಆಡಿದ ಮಾತೆಲ್ಲ ಅಳಿಸಿಹೋಗಿತ್ತು. ಆದರೂ ಬೋಳು ಗೋಡೆಯ ಎದುರು ಕಣ್ಣು ಮುಚ್ಚಿಕೊಂಡು ಕೊನೆಯ ಓವರ್ ಶುರುಮಾಡಿದರು. ಗ್ಯಾಲರಿ ಎದ್ದು ನಿಂತಿತು. "ಚೆಂಡು ಆಕಾಶದಲ್ಲಿದೆ, ಕೆಳಗೆ ಫೀಲ್ಡರ್ ಕಾಯ್ತಾ ಇದ್ದಾರೆ, ಹಿಡೀತಾರಾ, ಹಿಡೀತಾರಾ..."

"ಸಾಕು ಸರ್. ಒಂದು ನಿಮಿಷ ಆಯ್ತು."

ಗಾಜಿನಾಚೆ ಕೂತಿದ್ದ ಇಂಜಿನಿಯರ್ ಚಪ್ಪಾಳೆ ತಟ್ಟಿದ. ಅವರು ಕಣ್ಣೊರೆಸಿಕೊಂಡರು.

"ದನಿ ಹಾಗೇ ಇದೆ ಅಲ್ವಾ? ಪ್ರಸಾರ ಯಾವತ್ತು ಅಂತ ಹೇಳಿಬಿಡಮ್ಮಾ, ನಮ್ಮನೆಯವಳಿಗೆ ತಿಳಿಸ್ಬೇಕು."

ಅವಳು ಫೈಲಿನ ಮೇಲೆ ಅವರ ಹೆಸರು ಬರೆದಳು. ಹುಟ್ಟಿದ ವರ್ಷ ಕೇಳಿ ಅದನ್ನೂ ಬರೆದು, ಪಕ್ಕದಲ್ಲೊಂದು ಸಣ್ಣ ಗೆರೆ ಎಳೆದು ಜಾಗ ಬಿಟ್ಟಳು.

"ಯಾವತ್ತು ಅಂತ ನಿಮ್ಮನೆಯವರೇ ನಮಗೆ ಫೋನ್ ಮಾಡಿ ಹೇಳ್ಬೇಕು ಸರ್. ಅವತ್ತು ಸಂಜೆಯ ಶ್ರದ್ಧಾಂಜಲಿಗೇ ಇದನ್ನ ಹಾಕೋದು."